ಚಿರತೆ ನೋಡಲು ಯಾವ ಬಿಡಾರ?

ಆಫ್ರಿಕಾದ ಕಾಡಿಗೆ ಹೋದವರು ಆನೆ ನೋಡುತ್ತಾರೆ, ಸಿಂಹ ನೋಡುತ್ತಾರೆ, ಜೀಬ್ರಾ ಜಿರಾಫೆಗಳನ್ನಂತೂ ಎಣಿಸಿ ಎಣಿಸಿ ಸುಸ್ತಾಗುತ್ತಾರೆ. ಊರಿಗೆ ಮರಳಿದ ಮೇಲೆ ‘ಚಿರತೆ ಸಿಕ್ಕಿತೆ?’ ಎಂದು ಯಾರಾದರೂ ಕೇಳಿದರೆ ಮಾತ್ರ ಉತ್ತರ ತಡವರಿಸುತ್ತದೆ. ಹಿಂದಿನ ಬೇಟೆಗಾರರು ‘ದೊಡ್ಡ ಐದು’ ಎಂದು ಹೆಸರಿಟ್ಟ ಆನೆ, ಸಿಂಹ, ಕಾಡೆಮ್ಮೆ, ಘೇಂಡಾಮೃಗ ಮತ್ತು ಚಿರತೆಗಳ ಪೈಕಿ ಪ್ರವಾಸಿಗರ ಕಣ್ಣಿಗೆ ಬೀಳದೆ ಹೆಚ್ಚು ಸತಾಯಿಸುವುದು ಚಿರತೆಯೇ.

ಚಿರತೆ ಬದುಕುವ ಪ್ರದೇಶ ಬಹಳ ವಿಶಾಲವಾದದ್ದು. ಆಫ್ರಿಕಾದ ದಕ್ಷಿಣ ತುದಿಯಿಂದ ರಷ್ಯಾದ ಪೂರ್ವ ಅಂಚಿನವರೆಗೆ ಅದರ ನೆಲೆಗಳಿವೆ. ಭಾರತದಲ್ಲಿ 2022ರಲ್ಲಿ ನಡೆದ ಅಂದಾಜಿನ ಪ್ರಕಾರ 13,874 ಚಿರತೆಗಳಿದ್ದು, ಅವುಗಳಲ್ಲಿ 1,879 ಕರ್ನಾಟಕದಲ್ಲಿವೆ. ಕಲ್ಲುಗುಡ್ಡಗಳ ಪಕ್ಕದ ಹಳ್ಳಿಗಳಲ್ಲಿ ವಾಸಿಸುವವರಿಗೆ ಇದರ ಗುಟ್ಟು ಚೆನ್ನಾಗಿ ಗೊತ್ತು. ಹೆಜ್ಜೆ ಗುರುತು ಕಾಣುತ್ತದೆ, ಮನೆಯ ನಾಯಿ ಕಾಣೆಯಾಗುತ್ತದೆ, ಚಿರತೆ ಮಾತ್ರ ಕಾಣುವುದಿಲ್ಲ. ಆಫ್ರಿಕಾದಲ್ಲಿರುವುದೂ ಇದೇ ಜಾತಿಯ ಪ್ರಾಣಿ, ಉಪಜಾತಿಯಷ್ಟೇ ಬೇರೆ.

ಮಕ್ಕಳಲ್ಲಿ ಸಾಮಾನ್ಯವಾಗಿರುವ ಒಂದು ಗೊಂದಲವನ್ನು ಇಲ್ಲಿಯೇ ನಿವಾರಿಸುವುದು ಒಳ್ಳೆಯದು. ಚಿರತೆ ಬೇರೆ, ಚೀತಾ ಬೇರೆ. ಕನ್ನಡದಲ್ಲಿ ಸಿವಂಗಿ ಎಂದು ಕರೆಯುವ ಚೀತಾದ ಮೈಮೇಲೆ ಒಂಟಿ ಕಪ್ಪು ಚುಕ್ಕೆಗಳಿರುತ್ತವೆ; ಕಣ್ಣಿನಿಂದ ಬಾಯಿಯವರೆಗೆ ಕಣ್ಣೀರಿನ ಗೆರೆಯಂತೆ ಕಪ್ಪು ಪಟ್ಟೆ ಇಳಿದಿರುತ್ತದೆ. ಬಯಲಿನಲ್ಲಿ, ಹಗಲಿನಲ್ಲಿ ಓಡಿ ಬೇಟೆಯಾಡುವ ಪ್ರಾಣಿ ಅದು. ಚಿರತೆಯ ಮೈಮೇಲಿರುವುದು ಹೂವಿನ ಎಸಳುಗಳನ್ನು ಸುತ್ತ ಜೋಡಿಸಿಟ್ಟಂಥ ಗುಂಪು ಚುಕ್ಕೆಗಳು. ಓಟದಲ್ಲಿ ಅದು ಚೀತಾಕ್ಕೆ ಸಮವಲ್ಲ. ಅವಿತು ಕೂರುವುದರಲ್ಲಿ ಅದಕ್ಕೆ ಸಮನಾದವರಿಲ್ಲ.

ಇಂಥ ಪ್ರಾಣಿಯನ್ನು ನೋಡಲು ಆಫ್ರಿಕಾದವರೆಗೆ ಹೋಗಬೇಕೆನ್ನುವ ಸಾಧಾರಣ ವರಮಾನದ ಕುಟುಂಬಕ್ಕೆ ಮೊದಲು ಎದುರಾಗುವುದು ಖರ್ಚಿನ ಪ್ರಶ್ನೆ. ಜಾಹೀರಾತಿನ ಹೊಳಪು ಹಾಳೆಗಳಲ್ಲಿ ಕಾಣುವ ಬಿಡಾರಗಳ ದರ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಅಷ್ಟು ಹಣ ಕೊಟ್ಟರೆ ಮಾತ್ರ ಚಿರತೆ ಕಂಡೀತೆ? ಕಡಿಮೆ ದರದ ಬಿಡಾರದಲ್ಲಿ ಉಳಿದವರು ಬರಿಗೈಯಲ್ಲಿ ವಾಪಸಾಗಬೇಕೆ? ಇದಕ್ಕೆ ಉತ್ತರ ದರಪಟ್ಟಿಗಿಂತ ಹೆಚ್ಚಾಗಿ ಚಿರತೆಯ ಸ್ವಭಾವದಲ್ಲಿದೆ.

ಚಿರತೆಯ ದಿನಚರಿ

ಚಿರತೆ ಒಂಟಿಜೀವಿ. ಹೆಣ್ಣು ಚಿರತೆ ತನ್ನದೇ ಒಂದು ಸರಹದ್ದನ್ನು ಇಟ್ಟುಕೊಂಡಿರುತ್ತದೆ. ಗಂಡಿನ ಸರಹದ್ದು ಇನ್ನೂ ದೊಡ್ಡದು. ಅದರೊಳಗೆ ಹಲವು ಹೆಣ್ಣುಗಳ ನೆಲೆಗಳು ಸೇರಿರುತ್ತವೆ. ಆಹಾರ ಹೇರಳವಾಗಿರುವ ಕಡೆ ಈ ಸರಹದ್ದು ಚಿಕ್ಕದಾಗುತ್ತದೆ, ಬರಡು ನೆಲದಲ್ಲಿ ಹಿಗ್ಗುತ್ತದೆ. ಎಂದರೆ, ಜಿಂಕೆಗಳು ಕಿಕ್ಕಿರಿದಿರುವ ಸ್ಥಳದಲ್ಲಿ ಕಡಿಮೆ ಜಾಗದಲ್ಲಿ ಹೆಚ್ಚು ಚಿರತೆಗಳಿರುತ್ತವೆ.

ಜಿಂಕೆಗಳು ಕಿಕ್ಕಿರಿಯುವುದು ನೀರಿರುವ ಕಡೆ. ಬೇಸಿಗೆ ಏರಿದಂತೆ ಒಳಕಾಡಿನ ಹೊಂಡಗಳು ಬತ್ತಿ, ಪ್ರಾಣಿಗಳೆಲ್ಲ ನದಿಯ ದಡಕ್ಕೆ ಇಳಿಯುತ್ತವೆ. ದಡದಲ್ಲಿ ದೊಡ್ಡ ಮರಗಳೂ ಇರುತ್ತವೆ. ಸಿಂಹ, ಕತ್ತೆಕಿರುಬಗಳ ಕಾಟ ತಪ್ಪಿಸಿಕೊಳ್ಳಲು ಚಿರತೆಗೆ ಮರ ಬೇಕೇಬೇಕು. ತನ್ನಷ್ಟೇ ತೂಕದ ಬೇಟೆಯನ್ನು ಹಲ್ಲಿನಲ್ಲಿ ಕಚ್ಚಿ ನೆಟ್ಟಗೆ ಮರ ಹತ್ತುವ ಶಕ್ತಿ ಅದಕ್ಕಿದೆ. ಹೀಗೆ ಮರಕ್ಕೆ ಏರಿಸಿದ ಬೇಟೆ ಮುಗಿಯುವವರೆಗೆ ಒಂದೆರಡು ದಿನ ಅದು ಆ ಮರದ ಆಸುಪಾಸಿನಲ್ಲೇ ಇರುತ್ತದೆ. ನೋಡುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೊಂದಿಲ್ಲ.

ಮೂರನೆಯ ಸಂಗತಿ ಸಮಯ. ಹಗಲಿನ ಬಿಸಿಲಲ್ಲಿ ಪೊದೆಯಲ್ಲೋ ಕೊಂಬೆಯ ಮೇಲೋ ಮಲಗಿರುವ ಚಿರತೆ, ಮುಸ್ಸಂಜೆಗೆ ಎದ್ದು ಮೈಮುರಿದು ಹೊರಡುತ್ತದೆ. ರಾತ್ರಿಯೆಲ್ಲ ತಿರುಗಿ ಬೆಳಗಿನ ತಂಪಿನವರೆಗೆ ಓಡಾಡುತ್ತದೆ.

ನದಿ, ದೊಡ್ಡ ಮರ, ಮುಸ್ಸಂಜೆಯ ಸಮಯ ಈ ಮೂರೂ ಕೂಡಿಬರುವ ಬಿಡಾರವೇ ಚಿರತೆ ನೋಡಲು ಸರಿಯಾದ ಬಿಡಾರ. ಅಲ್ಲಿ ಈಜುಕೊಳವಿದೆಯೆ, ಹಾಸಿಗೆ ಮೆತ್ತಗಿದೆಯೆ ಎಂಬುದಕ್ಕೂ ಚಿರತೆಗೂ ಸಂಬಂಧವಿಲ್ಲ.

ದುಬಾರಿ ಬಿಡಾರದಲ್ಲಿ ಸಿಗುವುದೇನು?

ದಕ್ಷಿಣ ಆಫ್ರಿಕಾದ ಸಾಬಿ ಸ್ಯಾಂಡ್ ಎಂಬ ಖಾಸಗಿ ಅರಣ್ಯ ಚಿರತೆಗಳಿಗೆ ಜಗತ್ಪ್ರಸಿದ್ಧ. ಸಾಬಿ ಮತ್ತು ಸ್ಯಾಂಡ್ ನದಿಗಳ ಹೆಸರು ಹೊತ್ತ ಈ ಕಾಡಿಗೂ ಪಕ್ಕದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೂ ನಡುವೆ ಇದ್ದ ಬೇಲಿಯನ್ನು 1993ರಲ್ಲಿ ತೆಗೆದುಹಾಕಲಾಯಿತು. ಅಲ್ಲಿನ ಚಿರತೆಗಳು ತಲೆಮಾರುಗಳಿಂದ ಸಫಾರಿ ವಾಹನಗಳನ್ನು ನೋಡುತ್ತಾ ಬೆಳೆದಿವೆ. ಜೀಪು ಹತ್ತಿರ ಬಂದರೂ ಓಡುವುದಿಲ್ಲ. ವಾಹನದ ಮೂತಿಯ ಮೇಲೆ ಹೆಜ್ಜೆ ಗುರುತು ಓದಬಲ್ಲ ಜಾಡುಗಾರ ಕುಳಿತಿರುತ್ತಾನೆ. ರಸ್ತೆ ಬಿಟ್ಟು ಪೊದೆಗಳ ನಡುವೆ ನುಗ್ಗಲು ಅನುಮತಿ ಇದೆ. ಮಾರ್ಗದರ್ಶಕರು ಪ್ರತಿ ಚಿರತೆಯನ್ನೂ ಮೀಸೆಯ ಮೇಲಿನ ಚುಕ್ಕೆಗಳ ಲೆಕ್ಕದಿಂದ ಗುರುತಿಸುತ್ತಾರೆ. ಬಲಗೆನ್ನೆಯಲ್ಲಿ ಮೂರು, ಎಡಗೆನ್ನೆಯಲ್ಲಿ ಎರಡು ಎಂಬಂತೆ ಒಂದೊಂದಕ್ಕೂ ಒಂದು ಗುರುತು. ಹೆಸರಾಂತ ಬಿಡಾರಗಳಲ್ಲಿ ಇದಕ್ಕೆಲ್ಲ ಒಬ್ಬರಿಗೆ ಒಂದು ರಾತ್ರಿಗೆ 1,000 ಡಾಲರ್‌ಗೂ ಮಿಕ್ಕಿ ತೆರಬೇಕಾಗುತ್ತದೆ. ನಾಲ್ವರ ಕುಟುಂಬಕ್ಕೆ ಎಷ್ಟಾಯಿತೆಂದು ಲೆಕ್ಕ ಹಾಕುವುದನ್ನು ಮಕ್ಕಳಿಗೇ ಬಿಡಬಹುದು.

ಕೆನ್ಯಾದ ಮಸಾಯಿ ಮಾರಾದಲ್ಲಿ ಇನ್ನೊಂದು ಬಗೆಯ ಲೆಕ್ಕವಿದೆ. ಮಾರಾದ ದ್ವಾರಗಳ ಹೊರಗೆ ಅಗ್ಗದ ಡೇರೆಗಳು ಸಿಗುತ್ತವೆ. ಆದರೆ 2024ರಲ್ಲಿ ವಿದೇಶಿ ವಯಸ್ಕರ ಪ್ರವೇಶ ಶುಲ್ಕ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್ ಎಂದಾಯಿತು. ಡೇರೆಯ ಬಾಡಿಗೆಗಿಂತ ಬಾಗಿಲಲ್ಲಿ ಕೊಡುವ ಹಣವೇ ಹೆಚ್ಚು! ಮೇಲಾಗಿ ಮೀಸಲು ಪ್ರದೇಶದೊಳಗೆ ರಾತ್ರಿ ಸಫಾರಿಗೆ ಅವಕಾಶವಿಲ್ಲ. ಸುತ್ತಲಿನ ಖಾಸಗಿ ಸಂರಕ್ಷಣಾ ವಲಯಗಳಲ್ಲಿ ಮಾತ್ರ ಇದೆ, ಅಲ್ಲಿನ ದರ ಮತ್ತೆ ಮೇಲಕ್ಕೆ ಹೋಗುತ್ತದೆ.

ಹಾಗಾಗಿ ಬಿಡಾರದ ದರವನ್ನಷ್ಟೇ ನೋಡಿ ಅಗ್ಗ, ತುಟ್ಟಿ ಎಂದು ತೀರ್ಮಾನಿಸುವಂತಿಲ್ಲ. ಹಾಸಿಗೆಯ ಬಾಡಿಗೆ, ಸಫಾರಿಯ ಶುಲ್ಕ, ಉದ್ಯಾನದ ಪ್ರವೇಶ ಶುಲ್ಕ, ಅಲ್ಲಿಗೆ ತಲುಪುವ ಖರ್ಚು ಈ ನಾಲ್ಕನ್ನೂ ಕೂಡಿಸಿ ನೋಡಬೇಕು. ಹಾಗೆ ಕೂಡಿಸಿದಾಗ ಕೈಗೆಟಕುವ ಎರಡು ಸ್ಥಳಗಳು ಎದ್ದು ಕಾಣುತ್ತವೆ. ಒಂದು ಜಾಂಬಿಯಾದ ದಕ್ಷಿಣ ಲುವಾಂಗ್ವಾ, ಇನ್ನೊಂದು ಕ್ರೂಗರ್ ಉದ್ಯಾನದ ಸರ್ಕಾರಿ ಬಿಡಾರಗಳು.

ಲುವಾಂಗ್ವಾ ಕಣಿವೆ

ಜಾಂಬಿಯಾ ದೇಶದ ಪೂರ್ವ ಭಾಗದಲ್ಲಿ, ಆಫ್ರಿಕಾದ ಮಹಾ ಬಿರುಕು ಕಣಿವೆಯ ಒಂದು ಕವಲಿನಲ್ಲಿ ಲುವಾಂಗ್ವಾ ನದಿ ಹರಿಯುತ್ತದೆ. ಪಶ್ಚಿಮಕ್ಕೆ ಮುಚಿಂಗಾ ಬೆಟ್ಟಸಾಲು. ನದಿಯ ದಡದಲ್ಲಿ 9,050 ಚದರ ಕಿಲೋಮೀಟರ್ ವಿಸ್ತಾರದ ದಕ್ಷಿಣ ಲುವಾಂಗ್ವಾ ರಾಷ್ಟ್ರೀಯ ಉದ್ಯಾನ. ಇದಕ್ಕೆ ರಾಷ್ಟ್ರೀಯ ಉದ್ಯಾನದ ಸ್ಥಾನ ಸಿಕ್ಕಿದ್ದು 1972ರಲ್ಲಿ.

ಈ ನದಿಗೆ ಅಣೆಕಟ್ಟಿನ ಲಗಾಮಿಲ್ಲ. ಮಳೆಗಾಲದಲ್ಲಿ ಕೆಂಪಗೆ ಉಕ್ಕಿ, ದಡ ಕೊರೆದು, ಹಾದಿ ಬದಲಿಸುತ್ತದೆ. ಬಿಟ್ಟುಹೋದ ಹಳೆಯ ತಿರುವುಗಳು ಕುದುರೆಲಾಳದಾಕಾರದ ಕೊಳಗಳಾಗಿ ಉಳಿಯುತ್ತವೆ. ಭೂಗೋಳದ ಪುಸ್ತಕದಲ್ಲಿ ಚಿತ್ರವಾಗಿ ಕಾಣುವ ಈ ರಚನೆಯನ್ನು ವಿದ್ಯಾರ್ಥಿಗಳು ಇಲ್ಲಿ ಸಾಲುಸಾಲಾಗಿ ಕಣ್ಣಾರೆ ನೋಡಬಹುದು. ಕೊಳಗಳ ಸುತ್ತ ಹುಲ್ಲು, ಹುಲ್ಲಿಗೆ ಇಂಪಾಲ ಮತ್ತು ಪೂಕು ಜಿಂಕೆಗಳು, ಜಿಂಕೆಗಳ ಹಿಂದೆ ಚಿರತೆ. ಸರಪಳಿಯ ಕೊಂಡಿಗಳು ಒಂದಕ್ಕೊಂದು ತಗುಲಿಕೊಂಡಿವೆ.

ದಡದಲ್ಲಿ ಎಬೊನಿ ತೋಪುಗಳಿವೆ. ಬೀಡಿ ಕಟ್ಟುವ ತೂಪರೆ ಎಲೆಯ ಮರ ಇದರ ಹತ್ತಿರದ ನೆಂಟ. ಸೋರೆಕಾಯಿಯಂಥ ಭಾರಿ ಕಾಯಿಗಳನ್ನು ಹಗ್ಗದಲ್ಲಿ ತೂಗುಬಿಟ್ಟಂತೆ ಕಾಣುವ ಸಾಸೇಜ್ ಮರಗಳಿವೆ. ಬೆಂಗಳೂರಿನ ಉದ್ಯಾನಗಳಲ್ಲಿ ತಿರುಗಾಡುವವರು ಈ ಮರವನ್ನು ಕಂಡಿರುತ್ತಾರೆ. ಇವುಗಳ ನಡುವೆ ಹುಣಸೆ ಮರಗಳೂ ಸಿಗುತ್ತವೆ. ಹುಣಸೆಯ ವೈಜ್ಞಾನಿಕ ಹೆಸರಿನಲ್ಲಿ ‘ಇಂಡಿಕಾ’ ಎಂದಿದ್ದರೂ ಅದರ ತವರು ಆಫ್ರಿಕಾ. ಕನ್ನಡಿಗರ ಸಾರಿನ ಹುಳಿ ಕೊಟ್ಟ ಮರದ ಕೊಂಬೆಯ ಮೇಲೆ ಲುವಾಂಗ್ವಾದ ಚಿರತೆ ಕಾಲು ಇಳಿಬಿಟ್ಟು ಮಲಗಿರಬಹುದು.

ಈ ಉದ್ಯಾನದಲ್ಲಿ ಚೀತಾ ನೆಲೆಸಿಲ್ಲ. ಘೇಂಡಾಮೃಗಗಳು ಕಳ್ಳಬೇಟೆಗೆ ಬಲಿಯಾಗಿ ಕಳೆದ ಶತಮಾನದಲ್ಲೇ ಇಲ್ಲವಾದವು. ‘ದೊಡ್ಡ ಐದ’ನ್ನೂ ಒಂದೇ ಕಡೆ ನೋಡಬೇಕೆನ್ನುವವರಿಗೆ ಲುವಾಂಗ್ವಾ ತಕ್ಕ ಜಾಗವಲ್ಲ. ಚಿರತೆಯೊಂದೇ ಸಾಕೆನ್ನುವವರಿಗೆ ಇಷ್ಟು ಅನುಕೂಲದ ಕಾಡು ಅಪರೂಪ.

ಅನುಕೂಲ ಎಂದದ್ದು ಬಿಡಾರಗಳ ಜಾಗದಿಂದಾಗಿ. ಮ್ಫುವೆ ಎಂಬ ಊರಿನ ಬಳಿ ಉದ್ಯಾನದ ಮುಖ್ಯ ದ್ವಾರವಿದೆ. ಅಲ್ಲಿ ಸೇತುವೆ ದಾಟಿದರೆ ಕಾಡು. ಸೇತುವೆಯ ಈಚೆ ದಡದಲ್ಲಿ, ಎಂದರೆ ಉದ್ಯಾನದ ಹೊರಗೆ, ಸಾಧಾರಣ ದರದ ಹಲವು ಬಿಡಾರಗಳಿವೆ. ವೈಲ್ಡ್‌ಲೈಫ್ ಕ್ಯಾಂಪ್, ಕ್ರಾಕ್ ವ್ಯಾಲಿ, ಫ್ಲಾಟ್‌ಡಾಗ್ಸ್ ಇವು ಪ್ರವಾಸಿಗರ ಬಾಯಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರುಗಳು. ಹುಲ್ಲಿನ ಚಾವಣಿಯ ಕೋಣೆ, ಹಾಸಿಗೆ ಹಾಕಿಟ್ಟ ಕ್ಯಾನ್ವಾಸ್ ಡೇರೆ ಹೀಗೆ ದರಕ್ಕೆ ತಕ್ಕ ವ್ಯವಸ್ಥೆ. ಕೆಲವು ಕಡೆ ಸ್ವಂತ ಡೇರೆ ಹಾಕಿಕೊಳ್ಳಲೂ ಜಾಗವಿದೆ, ಅಡುಗೆಗೆ ಒಲೆಯಿದೆ. ಉದ್ಯಾನದ ಒಳಗಿನ ಐಷಾರಾಮಿ ಬಿಡಾರದವರು ಓಡಾಡುವ ರಸ್ತೆಗಳಲ್ಲೇ ಈ ಬಿಡಾರಗಳ ವಾಹನಗಳೂ ಓಡಾಡುತ್ತವೆ. ಇಬ್ಬರೂ ನೋಡುವುದು ಒಂದೇ ಚಿರತೆಯನ್ನು.

ನದಿಗೂ ಬಿಡಾರಕ್ಕೂ ನಡುವೆ ಬೇಲಿಯಿಲ್ಲ. ಆನೆಗಳು ಡೇರೆಗಳ ಪಕ್ಕದಲ್ಲೇ ಹಾದುಹೋಗುತ್ತವೆ. ರಾತ್ರಿ ನೀರಾನೆಗಳು ಮೇಯಲು ದಡಕ್ಕೆ ಬರುತ್ತವೆ. ಆದ್ದರಿಂದ ಕತ್ತಲಾದ ಮೇಲೆ ಊಟದ ಮನೆಯಿಂದ ಕೋಣೆಗೆ ಹೋಗಬೇಕಾದರೂ ಕಾವಲುಗಾರನನ್ನು ಕರೆಯಬೇಕು. ಡೇರೆಯಲ್ಲಾಗಲೀ ಕಾರಿನಲ್ಲಾಗಲೀ ಹಣ್ಣು ಇಟ್ಟುಕೊಳ್ಳುವಂತಿಲ್ಲ. ಕಿತ್ತಳೆಯ ವಾಸನೆ ಹಿಡಿದ ಆನೆ ಕಾರಿನ ಬಾಗಿಲನ್ನು ಲೆಕ್ಕಕ್ಕೆ ಇಡುವುದಿಲ್ಲ.

ಕತ್ತಲಲ್ಲಿ ಹೊಳೆಯುವ ಕಣ್ಣು

ಲುವಾಂಗ್ವಾದ ನಿಜವಾದ ಲಾಭ ಸಂಜೆಯ ಸಫಾರಿಯಲ್ಲಿದೆ. ಆಫ್ರಿಕಾದ ಅನೇಕ ರಾಷ್ಟ್ರೀಯ ಉದ್ಯಾನಗಳಲ್ಲಿ ಸೂರ್ಯ ಮುಳುಗುವಷ್ಟರಲ್ಲಿ ವಾಹನಗಳು ಹೊರಬರಬೇಕು. ಇಲ್ಲಿ ಪರವಾನಗಿ ಪಡೆದ ಮಾರ್ಗದರ್ಶಕರು ಸಂಜೆ 4ಕ್ಕೆ ಹೊರಟು ರಾತ್ರಿ 8ರವರೆಗೆ ಕಾಡಿನಲ್ಲಿರಬಹುದು. ನದಿಯ ದಡದಲ್ಲಿ ಸೂರ್ಯಾಸ್ತ ನೋಡಿ, ಚಹಾ ಕುಡಿದು, ಬಳಿಕ ದೊಡ್ಡ ಟಾರ್ಚು ಹಚ್ಚಿಕೊಂಡು ನಿಧಾನವಾಗಿ ಸಾಗುತ್ತಾರೆ. ದೀಪ ಹಿಡಿದವನು ಬೆಳಕನ್ನು ಎಡದಿಂದ ಬಲಕ್ಕೆ, ಪೊದೆಯಿಂದ ಕೊಂಬೆಗೆ ಆಡಿಸುತ್ತಾ ಹೋಗುತ್ತಾನೆ. ಅವನು ಹುಡುಕುವುದು ಚಿರತೆಯ ಮೈಯನ್ನಲ್ಲ, ಕಣ್ಣನ್ನು.

ಇದರ ಹಿಂದಿನ ವಿಜ್ಞಾನ ಸರಳ. ಬೆಕ್ಕಿನ ಜಾತಿಯ ಪ್ರಾಣಿಗಳ ಕಣ್ಣಿನಲ್ಲಿ ಅಕ್ಷಿಪಟಲದ ಹಿಂದೆ ಟಪೀಟಮ್ ಲ್ಯೂಸಿಡಮ್ ಎಂಬ ಕನ್ನಡಿಯಂಥ ಪದರವಿದೆ. ಅಕ್ಷಿಪಟಲವನ್ನು ದಾಟಿಹೋದ ಬೆಳಕನ್ನು ಅದು ಹಿಂದಕ್ಕೆ ಪ್ರತಿಫಲಿಸಿ, ಇನ್ನೊಮ್ಮೆ ಅಕ್ಷಿಪಟಲದ ಮೂಲಕ ಹಾಯಿಸುತ್ತದೆ. ಇದರಿಂದ ಮಂದ ಬೆಳಕಿನಲ್ಲೂ ಪ್ರಾಣಿಗೆ ಕಾಣುತ್ತದೆ. ಎದುರಿನಿಂದ ದೀಪ ಬಿಟ್ಟವರಿಗೆ ಕಣ್ಣು ಕೆಂಡದಂತೆ ಹೊಳೆಯುತ್ತದೆ. ಮನೆಯ ಬೆಕ್ಕಿಗೆ ದೂರದಿಂದ ಕ್ಷಣಕಾಲ ಟಾರ್ಚು ತೋರಿಸಿ ಮಕ್ಕಳು ಇದನ್ನು ಪರೀಕ್ಷಿಸಬಹುದು. ಮನುಷ್ಯರ ಕಣ್ಣಿನಲ್ಲಿ ಈ ಪದರವಿಲ್ಲ.

ಕಣ್ಣಿನಷ್ಟೇ ಕಿವಿಯೂ ಮುಖ್ಯ. ಇಂಪಾಲಗಳು ಮೂಗಿನಿಂದ ಬುಸ್ಸೆಂದು ಸದ್ದು ಮಾಡಿ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತವೆಂದರೆ, ಬಬೂನ್ ಕೋತಿಗಳು ಮರದ ತುದಿಯಿಂದ ಗದರಿದವೆಂದರೆ, ಮಾರ್ಗದರ್ಶಕ ಎಂಜಿನ್ ಆರಿಸುತ್ತಾನೆ. ನಾಗರಹೊಳೆಯಲ್ಲಿ ಚುಕ್ಕೆಜಿಂಕೆ ಮತ್ತು ಮುಸುವಗಳು ಮಾಡುವ ಕೆಲಸವನ್ನು ಇಲ್ಲಿ ಇವು ಮಾಡುತ್ತವೆ. ಒಮ್ಮೊಮ್ಮೆ ಕತ್ತಲಿನೊಳಗಿಂದ ಗರಗಸದಲ್ಲಿ ಮರ ಕೊಯ್ಯುವಂಥ ಸದ್ದು ಬರುತ್ತದೆ. ಅದು ಸರಹದ್ದು ಸಾರುವ ಚಿರತೆಯ ದನಿ. ಸ್ಥಳೀಯ ನ್ಯಾಂಜಾ ಭಾಷೆಯಲ್ಲಿ ಚಿರತೆಗೆ ‘ನ್ಯಾಲುಗ್ವೆ’ ಎಂದು ಹೆಸರು.

ಒಳ್ಳೆಯ ಮಾರ್ಗದರ್ಶಕ ಯಾರೆಂದು ತಿಳಿಯಲು ಒಂದು ಸುಲಭ ಲಕ್ಷಣವಿದೆ. ಆತ ಜಿಂಕೆಗಳ ಮೇಲೆ ದೀಪ ನಿಲ್ಲಿಸುವುದಿಲ್ಲ. ಪ್ರಖರ ಬೆಳಕಿಗೆ ಕಣ್ಣು ಕತ್ತಲಾದ ಜಿಂಕೆ ಕೆಲ ಹೊತ್ತು ಏನೂ ಕಾಣದೆ ನಿಂತುಬಿಡುತ್ತದೆ. ಚಿರತೆಗೆ ಅದು ಸುಲಭದ ತುತ್ತಾಗುತ್ತದೆ. ಬೇಟೆಯಾಡುತ್ತಿರುವ ಚಿರತೆಯ ಕಣ್ಣಿಗೂ ಆತ ನೇರವಾಗಿ ದೀಪ ಹಿಡಿಯುವುದಿಲ್ಲ.

ಎಷ್ಟು ದಿನ ಇರಬೇಕು?

ಇದಕ್ಕೆ ಶಾಲೆಯ ಗಣಿತವೇ ಉತ್ತರ ಕೊಡುತ್ತದೆ. ಒಂದು ಸಫಾರಿಯಲ್ಲಿ ಚಿರತೆ ಕಾಣುವ ಸಂಭವ ಮೂರರಲ್ಲಿ ಒಂದು ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಕಾಣದಿರುವ ಸಂಭವ ಮೂರರಲ್ಲಿ ಎರಡು. ಎರಡು ಸಫಾರಿಗಳಲ್ಲೂ ಕಾಣದಿರುವ ಸಂಭವ ಒಂಬತ್ತರಲ್ಲಿ ನಾಲ್ಕು. ಅಂದರೆ ಒಮ್ಮೆಯಾದರೂ ಕಾಣುವ ಸಂಭವ ಸುಮಾರು ಶೇ. 56. ನಾಲ್ಕು ಸಫಾರಿ ಮಾಡಿದರೆ ಅದು ಶೇ. 80ಕ್ಕೆ ಏರುತ್ತದೆ. ಆರಕ್ಕೆ ಶೇ. 91, ಎಂಟಕ್ಕೆ ಶೇ. 96.

ಕಾಡು ಗಣಿತದ ಪುಸ್ತಕದಂತೆ ನಡೆದುಕೊಳ್ಳುವುದಿಲ್ಲ, ನಿಜ. ಋತು, ಹವೆ, ಮಾರ್ಗದರ್ಶಕನ ಅನುಭವ ಇವುಗಳಿಂದ ಈ ಸಂಭವ ಏರಿಳಿಯುತ್ತದೆ. ಆದರೂ ಲೆಕ್ಕದ ದಾರಿ ಸ್ಪಷ್ಟ. ಎರಡು ಸಫಾರಿಗೆ ಹೋಗಿ ‘ಅದೃಷ್ಟವಿಲ್ಲ’ ಎಂದು ಹಣೆ ಚಚ್ಚಿಕೊಳ್ಳುವವರು ಇನ್ನೆರಡು ದಿನ ಉಳಿದಿದ್ದರೆ ನೋಡಿಯೇ ಬರುತ್ತಿದ್ದರೇನೋ. ಆರು ಸಫಾರಿಗಳ ನಂತರ ಪ್ರತಿ ಹೆಚ್ಚಿನ ಸಫಾರಿಯಿಂದ ಸಿಗುವ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ. ದಿನಕ್ಕೆ ಬೆಳಿಗ್ಗೆ ಒಂದು, ಸಂಜೆ ಒಂದರಂತೆ ಮೂರು ದಿನಕ್ಕೆ ಆರು ಸಫಾರಿ. ದುಬಾರಿ ಬಿಡಾರದಲ್ಲಿ ಒಂದು ರಾತ್ರಿ ಕಳೆಯುವ ಹಣದಲ್ಲಿ ಸಾಧಾರಣ ಬಿಡಾರದಲ್ಲಿ ಮೂರು ರಾತ್ರಿ ಕಳೆಯುವುದು ಜಾಣತನ ಎನ್ನುವುದು ಇದಕ್ಕಾಗಿಯೇ.

ದಿನಗಳಷ್ಟೇ ತಿಂಗಳುಗಳೂ ಮುಖ್ಯ. ಲುವಾಂಗ್ವಾದಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ. ಹುಲ್ಲು ಆಳೆತ್ತರ ಬೆಳೆದಿರುತ್ತದೆ, ಒಳರಸ್ತೆಗಳು ಕೆಸರಾಗಿರುತ್ತವೆ. ಕರ್ನಾಟಕದ ಶಾಲೆಗಳ ಬೇಸಿಗೆ ರಜೆಯ ಏಪ್ರಿಲ್ ಇದಕ್ಕೆ ಸರಿಹೊಂದುವುದಿಲ್ಲ. ಮೇ ತಿಂಗಳ ಕೊನೆಯ ಹೊತ್ತಿಗೆ ಪರವಾಗಿಲ್ಲ. ದಸರಾ ರಜೆ ಬರುವ ಅಕ್ಟೋಬರ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುವುದುಂಟು, ಆದರೆ ಎಲೆ ಉದುರಿ, ನೀರು ಬತ್ತಿ, ಪ್ರಾಣಿಗಳೆಲ್ಲ ನದಿಯ ದಡದಲ್ಲಿ ಸೇರಿರುತ್ತವೆ. ಸೆಖೆ ತಡೆಯಬಲ್ಲವರಿಗೆ ಚಿರತೆ ನೋಡಲು ಅದೇ ಸುಸಮಯ.

ಸ್ವಂತ ಚಾಲನೆಯ ಕ್ರೂಗರ್

ಚಿಕ್ಕ ಮಕ್ಕಳಿರುವ ಕುಟುಂಬಗಳಿಗೆ ಎರಡನೆಯ ದಾರಿ ಹೆಚ್ಚು ಹಿಡಿಸಬಹುದು. 1926ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕ್ರೂಗರ್ ಸುಮಾರು 19,500 ಚದರ ಕಿಲೋಮೀಟರ್ ವಿಸ್ತಾರವಾಗಿದೆ. ಇಲ್ಲಿ ಬಾಡಿಗೆ ಕಾರಿನಲ್ಲಿ ಯಾರು ಬೇಕಾದರೂ ತಾವೇ ಓಡಿಸಿಕೊಂಡು ಹೋಗಬಹುದು. ದಕ್ಷಿಣ ಆಫ್ರಿಕಾದಲ್ಲೂ ಭಾರತದಂತೆ ರಸ್ತೆಯ ಎಡಗಡೆಯೇ ವಾಹನ ನಡೆಸುವುದರಿಂದ ಕಷ್ಟವಾಗದು. ಉದ್ಯಾನದೊಳಗೆ ಡಾಂಬರು ರಸ್ತೆಯಲ್ಲಿ ಗಂಟೆಗೆ 50, ಮಣ್ಣು ರಸ್ತೆಯಲ್ಲಿ 40 ಕಿಲೋಮೀಟರ್ ಮಿತಿ. ಚಿರತೆ ನೋಡಬೇಕೆನ್ನುವವರು ಇದರ ಅರ್ಧ ವೇಗದಲ್ಲಿ ಹೋಗುತ್ತಾರೆ.

ಸರ್ಕಾರಿ ಬಿಡಾರಗಳಿಗೆ ಬೇಲಿಯಿದೆ. ಒಳಗೆ ಗುಂಡನೆಯ ಗುಡಿಸಲು, ಡೇರೆ, ಅಡುಗೆಮನೆಯಿರುವ ಸಣ್ಣ ಮನೆಗಳು, ಅಂಗಡಿ, ಪೆಟ್ರೋಲ್ ಬಂಕು ಎಲ್ಲ ಇವೆ. ಸಸ್ಯಾಹಾರಿಗಳು ಜೋಹಾನ್ಸ್‌ಬರ್ಗ್‌ನಲ್ಲೇ ಅಕ್ಕಿ, ಬೇಳೆ, ಮಸಾಲೆ ಕೊಂಡು ಬಂದರೆ ದಿನವೂ ಅನ್ನ ಸಾರು ಮಾಡಿಕೊಳ್ಳಬಹುದು.

ಚಿರತೆಯ ಲೆಕ್ಕದಲ್ಲಿ ಇಲ್ಲೂ ನದಿಯೇ ದಾರಿ ತೋರಿಸುತ್ತದೆ. ಸ್ಕುಕುಜಾ ಮತ್ತು ಲೋಯರ್ ಸಾಬಿ ಎಂಬ ಬಿಡಾರಗಳ ನಡುವೆ ಸಾಬಿ ನದಿಯ ಪಕ್ಕದಲ್ಲೇ ಸುಮಾರು 45 ಕಿಲೋಮೀಟರ್ ರಸ್ತೆ ಸಾಗುತ್ತದೆ. ಚಿರತೆಗೆ ಹೆಸರಾದ ರಸ್ತೆಯಿದು. ದಕ್ಷಿಣ ತುದಿಯ ಕಲ್ಲುಗುಡ್ಡಗಳ ನಡುವಿನ ಬರ್ಗ್-ಎನ್-ದಾಲ್ ಬಿಡಾರವೂ ಒಳ್ಳೆಯದೇ. ಬಿಡಾರಗಳಲ್ಲಿ ಒಂದು ನಕ್ಷೆಯ ಫಲಕ ತೂಗುಹಾಕಿರುತ್ತಾರೆ. ಯಾವ ಪ್ರಾಣಿ ಎಲ್ಲಿ ಕಂಡಿತೆಂದು ಪ್ರವಾಸಿಗರು ಬಣ್ಣದ ಗುರುತು ಅಂಟಿಸುತ್ತಾರೆ. ಬೇಟೆಯನ್ನು ಮರಕ್ಕೇರಿಸಿದ ಚಿರತೆ ಮರುದಿನವೂ ಅಲ್ಲೇ ಇರುವ ಸಂಭವವಿರುವುದರಿಂದ ಈ ಫಲಕ ಓದುವುದು ಲಾಭದ ಕೆಲಸ.

ಕೊರತೆಗಳೂ ಇವೆ. ರಸ್ತೆ ಬಿಟ್ಟು ಇಳಿಯುವಂತಿಲ್ಲ, ಕಾರಿನಿಂದ ಹೊರಗೆ ಕಾಲಿಡುವಂತಿಲ್ಲ, ಸಂಜೆ ಬಾಗಿಲು ಮುಚ್ಚುವ ಮೊದಲು ಬಿಡಾರ ಸೇರಿರಬೇಕು. ಕತ್ತಲಿನ ಕಾಡು ನೋಡಬೇಕೆಂದರೆ ಬಿಡಾರದವರೇ ನಡೆಸುವ ಸಂಜೆಯ ಸಫಾರಿಗೆ ಹೆಸರು ಕೊಡಬೇಕು. ಅದಕ್ಕೆ 6 ವರ್ಷದೊಳಗಿನ ಮಕ್ಕಳನ್ನು ಹತ್ತಿಸಿಕೊಳ್ಳುವುದಿಲ್ಲ. ಕಾಲ್ನಡಿಗೆ ಸಫಾರಿಗೆ ಇಲ್ಲೂ ಲುವಾಂಗ್ವಾದಲ್ಲೂ 12 ವರ್ಷ ತುಂಬಿರಬೇಕು. ಕೋಣೆಗಳನ್ನು ಸುಮಾರು 11 ತಿಂಗಳ ಮುಂಚೆಯೇ ಕಾದಿರಿಸಲು ಅವಕಾಶವಿದೆ. ಅಲ್ಲಿನ ಶಾಲಾ ರಜೆಯಲ್ಲಿ ಬೇಗ ತುಂಬಿಹೋಗುತ್ತವೆ.

ಅಗ್ಗಕ್ಕೂ ಒಂದು ಮಿತಿ

ಖರ್ಚು ಉಳಿಸುವುದು ಸರಿ. ಆದರೆ ಎಲ್ಲಿ ಉಳಿಸಬಾರದು ಎಂಬುದನ್ನೂ ತಿಳಿದಿರಬೇಕು. ಪರವಾನಗಿಯಿಲ್ಲದ ವಾಹನ, ಪರೀಕ್ಷೆ ಪಾಸಾಗದ ಮಾರ್ಗದರ್ಶಕ, ‘ಚಿರತೆ ಖಂಡಿತ ತೋರಿಸುತ್ತೇವೆ’ ಎಂಬ ಭರವಸೆ ಇವುಗಳಿಂದ ದೂರವಿರುವುದು ಒಳ್ಳೆಯದು. ಭರವಸೆ ಕೊಟ್ಟವರು ಅದನ್ನು ಉಳಿಸಿಕೊಳ್ಳಲು ಏನಾದರೂ ಮಾಡಬೇಕಾಗುತ್ತದೆ. ಕೆನ್ಯಾದ ಸಂಬುರು ಕಡೆಯ ಕೆಲವು ವಸತಿಗೃಹಗಳು ಹಿಂದೆ ನದಿಯಾಚೆಯ ಮರಕ್ಕೆ ರಾತ್ರಿ ಮಾಂಸ ಕಟ್ಟಿ ಚಿರತೆಯನ್ನು ಕರೆಸುತ್ತಿದ್ದವು. ಅಲ್ಲಿ ನೋಡುವವರಿಗೆ ಸಿಗುತ್ತಿದ್ದದ್ದು ಊಟಕ್ಕೆ ಬಂದ ಚಿರತೆ. ಅದರ ಬದುಕಿನ ಬಗ್ಗೆ ಏನೂ ತಿಳಿಯುತ್ತಿರಲಿಲ್ಲ.

ಲುವಾಂಗ್ವಾದಲ್ಲೂ ತೊಂದರೆಗಳಿಲ್ಲದಿಲ್ಲ. ಮುಖ್ಯ ದ್ವಾರದ ಸುತ್ತ ಒಂದೇ ಚಿರತೆಗೆ ಹಲವು ವಾಹನಗಳು ಮುತ್ತಿಗೆ ಹಾಕುವುದುಂಟು. ಮರಿಗಳಿರುವ ತಾಯಿಗೆ ಇದು ದೊಡ್ಡ ಹಿಂಸೆ. ಹತ್ತಿರ ಹೋಗೆಂದು ಚಾಲಕನನ್ನು ಒತ್ತಾಯಿಸದೆ, ಸಾಕೆನಿಸಿದಾಗ ಹೊರಡೋಣವೆನ್ನುವ ಪ್ರವಾಸಿಯೂ ಅಲ್ಲಿನ ಕಾಡಿಗೆ ಬೇಕು.

ಇದರ ಜೊತೆಗೆ ಸುತ್ತಲಿನ ಜನರ ಬದುಕೂ ಇದೆ. 1950ರಲ್ಲಿ ನಾರ್ಮನ್ ಕಾರ್ ಎಂಬ ಅರಣ್ಯಾಧಿಕಾರಿ ನ್ಸೆಫು ಬುಡಕಟ್ಟು ಮುಖ್ಯಸ್ಥರ ಮನವೊಲಿಸಿ, ಪ್ರವಾಸಿಗರಿಗಾಗಿ ಬಿಡಾರ ತೆರೆದು, ಅದರ ವರಮಾನ ಜನರಿಗೇ ಸೇರುವಂತೆ ಮಾಡಿದ. ಕಾಲ್ನಡಿಗೆ ಸಫಾರಿಯ ಪರಂಪರೆಯನ್ನು ಬೆಳೆಸಿದವನೂ ಆತನೇ. ಬೆಳೆ ತಿನ್ನುವ ಆನೆ, ಆಡು ಒಯ್ಯುವ ಚಿರತೆಗಳ ಪಕ್ಕದಲ್ಲಿ ಬದುಕುವ ರೈತನಿಗೆ ಆ ಪ್ರಾಣಿಗಳಿಂದ ಏನಾದರೂ ಬರಬೇಕೆಂಬುದು ಅವನ ವಾದವಾಗಿತ್ತು. ಮಾಂಸಕ್ಕಾಗಿ ಹಳ್ಳಿಗರು ಒಡ್ಡುವ ತಂತಿಯ ಉರುಳಿಗೆ ಜಿಂಕೆಯ ಜೊತೆ ಚಿರತೆಯೂ ಸಿಕ್ಕಿಬೀಳುತ್ತದೆ. ಕನ್ಸರ್ವೇಶನ್ ಸೌತ್ ಲುವಾಂಗ್ವಾ ಎಂಬ ಸಂಸ್ಥೆ ಈ ಉರುಳುಗಳನ್ನು ತೆಗೆಯುವ ಕೆಲಸ ಮಾಡುತ್ತಿದೆ. ಚಿಪೆಂಬೆಲೆ ಎಂಬ ಕೇಂದ್ರ ಸ್ಥಳೀಯ ಶಾಲಾ ಮಕ್ಕಳಿಗೆ ವನ್ಯಜೀವಿಗಳ ಪಾಠ ಹೇಳುತ್ತದೆ. 2013ರಲ್ಲಿ ಜಾಂಬಿಯಾ ಸರ್ಕಾರ ಸಿಂಹ, ಚಿರತೆಗಳ ಮೋಜಿನ ಬೇಟೆಯನ್ನು ನಿಷೇಧಿಸಿತ್ತು. ಕೆಲವೇ ವರ್ಷಗಳಲ್ಲಿ ನಿಷೇಧ ತೆರವಾಯಿತು. ಜೀವಂತ ಚಿರತೆಯನ್ನು ನೋಡಲು ಬರುವವರ ಹಣ ಊರಿಗೆ ತಲುಪಿದಷ್ಟೂ, ಬೇಟೆಯ ಹಣದ ಮೇಲಿನ ಅವಲಂಬನೆ ತಗ್ಗುತ್ತದೆ. ಬಿಡಾರದಲ್ಲಿ ಸ್ಥಳೀಯರಿಗೆ ಎಷ್ಟು ಕೆಲಸ ಸಿಕ್ಕಿದೆ ಎಂದು ವಿಚಾರಿಸುವುದು ಕುತೂಹಲದ ಪ್ರಶ್ನೆ ಮಾತ್ರವಲ್ಲ.

ಕಾದಿರಿಸುವ ಮುನ್ನ ಬಿಡಾರದವರಿಗೆ ಪತ್ರ ಬರೆದು ಕೇಳಬೇಕಾದ ಪ್ರಶ್ನೆಗಳು ಇವು:

1. ಬಿಡಾರ ನದಿಯ ದಡದಲ್ಲಿದೆಯೆ? ಉದ್ಯಾನದ ದ್ವಾರಕ್ಕೆ ಎಷ್ಟು ದೂರ?

2. ಸಂಜೆಯ ಸಫಾರಿ ಕತ್ತಲಾದ ಮೇಲೂ ಮುಂದುವರಿಯುತ್ತದೆಯೆ?

3. ಒಂದು ವಾಹನದಲ್ಲಿ ಎಷ್ಟು ಜನ?

4. ಹೇಳಿದ ದರದಲ್ಲಿ ಊಟ, ಸಫಾರಿ, ಪ್ರವೇಶ ಶುಲ್ಕ ಸೇರಿವೆಯೆ?

5. ಮಕ್ಕಳಿಗೆ ವಯಸ್ಸಿನ ಮಿತಿ ಏನು?

ಹೋಗುವುದು ಹೇಗೆ?

ಬೆಂಗಳೂರಿನಿಂದ ಆಡಿಸ್ ಅಬಾಬಾ ಅಥವಾ ಕೊಲ್ಲಿ ರಾಷ್ಟ್ರಗಳ ಮೂಲಕ ಜಾಂಬಿಯಾದ ರಾಜಧಾನಿ ಲುಸಾಕಾ ತಲುಪಬಹುದು. ಅಲ್ಲಿಂದ ಮ್ಫುವೆಗೆ ಸಣ್ಣ ವಿಮಾನವಿದೆ. ಹಣ ಉಳಿಸಬೇಕೆನ್ನುವವರು ಬಸ್ಸಿನಲ್ಲಿ ಸುಮಾರು 570 ಕಿಲೋಮೀಟರ್ ದೂರದ ಚಿಪಾಟಾ ಪಟ್ಟಣಕ್ಕೆ ಹೋಗಿ, ಅಲ್ಲಿಂದ ಟ್ಯಾಕ್ಸಿಯಲ್ಲಿ ಮ್ಫುವೆ ಸೇರುತ್ತಾರೆ. ದಾರಿಯ ಊಟ ‘ನ್ಶಿಮಾ’. ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿದ ಬಿಳಿಯ ಮುದ್ದೆಯಿದು. ಜೊತೆಗೆ ಸೊಪ್ಪಿನ ಪಲ್ಯ ಅಥವಾ ಕಾಳು. ರಾಗಿಮುದ್ದೆ ಬಲ್ಲವರಿಗೆ ಇದನ್ನು ತಿನ್ನುವ ಕ್ರಮ ಯಾರೂ ಕಲಿಸಬೇಕಾಗಿಲ್ಲ. ಕ್ರೂಗರ್‌ಗೆ ಹೋಗುವವರು ಜೋಹಾನ್ಸ್‌ಬರ್ಗ್‌ನಲ್ಲಿ ಇಳಿದು ಕಾರು ಬಾಡಿಗೆಗೆ ಪಡೆಯಬೇಕು. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಮಕ್ಕಳ ಜನನ ಪ್ರಮಾಣಪತ್ರವೂ ಜೊತೆಯಲ್ಲಿರಲಿ. ವೀಸಾ ನಿಯಮ ಮತ್ತು ಶುಲ್ಕಗಳು ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ಆಯಾ ದೇಶದ ಕಚೇರಿಯಲ್ಲಿ ವಿಚಾರಿಸಬೇಕು.

ಎರಡೂ ಸ್ಥಳಗಳಲ್ಲಿ ಮಲೇರಿಯಾ ಭಯವಿದೆ. ವೈದ್ಯರ ಸಲಹೆಯಂತೆ ಮಾತ್ರೆ ಆರಂಭಿಸಬೇಕು. ಹಳದಿ ಜ್ವರವಿರುವ ದೇಶಗಳ ಮೂಲಕ ಹಾದು ಭಾರತಕ್ಕೆ ಮರಳುವವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದ ನೇರವಾಗಿ ಪ್ರತ್ಯೇಕ ವಾಸಕ್ಕೆ ಕಳುಹಿಸುತ್ತಾರೆ. ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡಿರಬೇಕು. 2016ರಿಂದ ಈ ಪ್ರಮಾಣಪತ್ರ ಜೀವಮಾನವಿಡೀ ಊರ್ಜಿತ.

‘ಸಫಾರಿ’ ಎಂಬ ಸ್ವಾಹಿಲಿ ಪದಕ್ಕೆ ಪ್ರಯಾಣ ಎಂದಷ್ಟೇ ಅರ್ಥ. ಹಿಂದಿಯ ‘ಸಫರ್’ ಪದದಂತೆ ಅದರ ಬೇರು ಅರಬ್ಬಿ ಭಾಷೆಯಲ್ಲಿದೆ. ಆರು ಸಲ ಕಾಡಿಗೆ ಹೋಗಿಯೂ ಚಿರತೆ ಕಾಣದ ಕುಟುಂಬಗಳು ಇದ್ದೇ ಇರುತ್ತವೆ. ನೂರರಲ್ಲಿ ಒಂಬತ್ತು ಎಂದು ಮೇಲಿನ ಲೆಕ್ಕವೇ ಹೇಳುತ್ತದೆ. ಅಷ್ಟರಲ್ಲಿ ಆ ಮನೆಯ ಮಕ್ಕಳು ಜಿಂಕೆಯ ಎಚ್ಚರಿಕೆಯ ಕೂಗನ್ನು ಗುರುತಿಸುವುದನ್ನು, ಮಣ್ಣಿನ ಮೇಲಿನ ಹೆಜ್ಜೆ ಓದುವುದನ್ನು ಕಲಿತಿರುತ್ತಾರೆ. ತುಮಕೂರು, ರಾಮನಗರ, ಬಳ್ಳಾರಿಯ ಕಲ್ಲುಗುಡ್ಡಗಳ ಬಳಿಯೂ ಅದೇ ಪಾಠ ಉಪಯೋಗಕ್ಕೆ ಬರುತ್ತದೆ.